ಒಂದು ಹಿಡಿ ಖಾರ ಶೇಂಗಾ

ಅಥಣಿ ಕಡೆಯ ಮನೆಗಳಲ್ಲಿ ಸಂಜೆ ಚಹಾದ ಹೊತ್ತಿಗೆ ಬಾಯಾಡಿಸಲು ಏನಾದರೂ ಬೇಕೆಂದರೆ ಮೊದಲು ಕೈ ಹೋಗುತ್ತಿದ್ದದ್ದು ಖಾರ ಶೇಂಗಾದ ಡಬ್ಬಿಗೆ. ಬಾಣಲೆಯಿಂದ ಇಳಿಸುವಾಗಲೇ ಕೈ ಹಾಕಿದರೆ ಅಡುಗೆಮನೆಯಿಂದ ಬೈಗುಳ ಗ್ಯಾರಂಟಿ: “ತಡಿಯೋ ತಮ್ಮಾ, ಬಿಸಿ ಇದ್ದಾಗ ಮೆತ್ತಗ ಇರತಾವ, ಆರಲಿ, ಆಮ್ಯಾಲ ಕಟುಂ ಅಂತಾವ!” ಈಗ ಅದೇ ಮನೆಗಳಿಗೆ ಅದೇ ಶೇಂಗಾ ಹೊಳೆಯುವ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ಇದು ಬಂದ ದಾರಿ ಯಾವುದು, ಹೋಗುತ್ತಿರುವ ದಾರಿ ಯಾವುದು ಅಂತ ಸ್ವಲ್ಪ ನೋಡೋಣ ಬನ್ನಿ.

ಮೊದಲು ಹೆಸರಿನ ವಿಷಯ. ಮೈಸೂರು ಕಡೆ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ, ನಮ್ಮಲ್ಲಿ ಶೇಂಗಾ. ಈ ಶೇಂಗಾ ಮರಾಠಿ ನೆರೆಹೊರೆಯಿಂದ ಬಂದ ಮಾತು. ಅಲ್ಲಿ ‘ಶೇಂಗ’ ಅಂದರೆ ಕಾಳು ತುಂಬಿದ ಕಾಯಿ. ಗಿಡಕ್ಕೆ ಅವರು ‘ಭುಯಿಮೂಗ’ ಅಂತಾರೆ, ನೆಲದ ಹೆಸರುಕಾಳು ಅಂತ ಅರ್ಥ. ತಮಿಳರು ‘ಮಣಿಲಾಕೊಟ್ಟೈ’ ಅಂತಾರೆ, ಫಿಲಿಪ್ಪೀನ್ಸಿನ ಮನಿಲಾ ನೆನಪಿನಲ್ಲಿ. ಬಂಗಾಳಿಗಳಿಗೆ ಇದು ಚೀನಾದ ಬಾದಾಮಿ. ಗಮನಿಸಿದಿರಾ? ಒಂದೋ ಪರಿಚಯದ ಕಾಳಿನ ಹೆಸರನ್ನು ಅಂಟಿಸಿದ್ದಾರೆ, ಇಲ್ಲವೇ ಬಂದ ಊರಿನ ಹೆಸರನ್ನು ಇಟ್ಟಿದ್ದಾರೆ. ಹೊಸಬರು ಊರಿಗೆ ಬಂದಾಗ ನಾವು ಮಾಡುವುದೂ ಇದನ್ನೇ!

ಶೇಂಗಾದ ತವರು ದಕ್ಷಿಣ ಅಮೆರಿಕ. ಇಂದಿನ ಬೊಲಿವಿಯಾದ ದಕ್ಷಿಣ ಭಾಗ ಮತ್ತು ಅರ್ಜೆಂಟೀನಾದ ಉತ್ತರ ಭಾಗದಲ್ಲಿ ಎರಡು ಕಾಡು ಜಾತಿಗಳು ಕೂಡಿ ಈ ಗಿಡ ಹುಟ್ಟಿತೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. 1987ರಲ್ಲಿ ಪೆರು ದೇಶದ ಸಿಪಾನ್ ಎಂಬಲ್ಲಿ ಸುಮಾರು 1700 ವರ್ಷ ಹಳೆಯ ದೊರೆಯ ಗೋರಿಯೊಂದು ಸಿಕ್ಕಿತು. ಅದರೊಳಗೆ ಶೇಂಗಾ ಕಾಯಿಯ ಆಕಾರದ ಮಣಿಗಳ ಹಾರವಿತ್ತು, ಅರ್ಧ ಬಂಗಾರದ್ದು, ಅರ್ಧ ಬೆಳ್ಳಿಯದು. ನಾವು ‘ಬಡವರ ಬಾದಾಮಿ’ ಅನ್ನುವುದನ್ನು ಅಲ್ಲಿ ಅರಸರು ಕೊರಳಿಗೆ ಹಾಕಿಕೊಂಡಿದ್ದರು.

ಸ್ಪೇನ್ ಮತ್ತು ಪೋರ್ಚುಗಲ್ಲಿನ ಹಡಗುಗಳು ಅಮೆರಿಕದ ದಾರಿ ಹಿಡಿದ ಮೇಲೆ ಶೇಂಗಾ ಆಫ್ರಿಕಾ, ಏಷ್ಯಾಗಳಿಗೆ ಹಬ್ಬಿತು. ಮೆಣಸಿನಕಾಯಿ ಬಂದದ್ದೂ ಅದೇ ಕಡೆಯಿಂದ. ಅಂದರೆ ಖಾರ ಶೇಂಗಾದಲ್ಲಿ ಖಾರವೂ ಹೊರಗಿನದು, ಶೇಂಗಾವೂ ಹೊರಗಿನದು. ಹಾಗಾದರೆ ನಮ್ಮದೇನು?

ನಮ್ಮದು ಹುರಿಯುವ ಕೈ. ಶೇಂಗಾ ಬರುವ ಮೊದಲೇ ಇಲ್ಲಿ ಕಡಲೆ ಹುರಿಯುತ್ತಿದ್ದರು, ಜೋಳದ ಅರಳು ಹುರಿಯುತ್ತಿದ್ದರು. ನಾಗರ ಪಂಚಮಿಗೆ ಅರಳು ಬೇಕೇ ಬೇಕು. ಬಿಸಿ ಮರಳಿನಲ್ಲಿ ಕಾಳು ಹಾಕಿ ಸೀಯದಂತೆ ಆಡಿಸಿ ಜರಡಿ ಹಿಡಿಯುವ ವಿದ್ಯೆ ಚುರಮುರಿ ಭಟ್ಟಿಯವರಿಗೆ ಕರಗತ. ಹೊಸ ಕಾಳು ಈ ಹಳೆಯ ಬಾಣಲೆಗೆ ಬಿತ್ತು, ಇಲ್ಲಿಯದೇ ಆಯಿತು. ಪಂಚಮಿಯ ಉಂಡಿಗಳ ಸಾಲಿನಲ್ಲಿ ಇವತ್ತು ಶೇಂಗಾ ಉಂಡಿ ಇಲ್ಲದಿದ್ದರೆ ಹೇಗೆ ಹೇಳಿ? ಜೋಳದ ರೊಟ್ಟಿ ಮಗ್ಗುಲಿಗೆ ಶೇಂಗಾ ಹಿಂಡಿ ಇಲ್ಲದಿದ್ದರೆ?

ಹೊಲಕ್ಕೆ ಇದನ್ನು ಹಬ್ಬಿಸಿದ್ದು ಮಾತ್ರ ಎಣ್ಣೆಯ ವ್ಯಾಪಾರ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ಸಿನ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗಾಗಿ ಪುದುಚೇರಿ ಬಂದರಿನಿಂದ ಶೇಂಗಾ ಹಡಗೇರುತ್ತಿತ್ತು. ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳಲ್ಲಿ ಇದು ರೊಕ್ಕದ ಬೆಳೆಯಾಯಿತು. 1956ರ ಏಕೀಕರಣದವರೆಗೂ ಅಥಣಿ, ಬೆಳಗಾವಿ ಜಿಲ್ಲೆಯ ಜೊತೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ಕಡಿಮೆ ಮಳೆಯ ಒಣ ಹೊಲಕ್ಕೆ ಶೇಂಗಾ ಹೇಳಿ ಮಾಡಿಸಿದ ಬೆಳೆ. ಹೂವು ಮೇಲೆ ಅರಳುತ್ತದೆ, ಆಮೇಲೆ ಸೂಜಿಯಂಥ ತಂತು ಮಣ್ಣಿಗೆ ಇಳಿದು ಒಳಗೆ ಕಾಯಿ ಕಟ್ಟುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಹೊಟ್ಟು ದನಗಳಿಗೆ, ಹಿಂಡಿಯೂ ದನಗಳಿಗೆ. ಬಿಸಾಡುವುದು ಏನೂ ಇಲ್ಲ.

ಆಮೇಲೆ ಕಬ್ಬು ಬಂತು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು (ಆ ಊರು ಆಗ ಅಥಣಿ ತಾಲೂಕು, ಈಗ ಕಾಗವಾಡ). ಕೃಷ್ಣೆಯ ನೀರು ಹೊಲಕ್ಕೆ ಏರಿದಂತೆ ನದಿಯ ದಂಡೆಯುದ್ದಕ್ಕೂ ಕಬ್ಬೇ ಕಬ್ಬು. ತಪ್ಪು ಅನ್ನುತ್ತಿಲ್ಲ, ಕಬ್ಬಿನಿಂದ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಆದರೆ ಸ್ವಂತ ಹೊಲದ ಶೇಂಗಾ ಚೀಲ ಮನೆಯ ಮೂಲೆಯಲ್ಲಿದ್ದಾಗ ಹುರಿಯುವುದಕ್ಕೆ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಅಂಗಡಿಯಿಂದ ತರುವುದಾದ ಮೇಲೆ, ಹುರಿದದ್ದನ್ನೇ ತಂದರಾಯಿತು ಅನಿಸತೊಡಗಿತು. ಚೀಲ ಹೋದ ಮೇಲೆ ಬಾಣಲೆಯೂ ಮೂಲೆ ಸೇರಿತು.

ಇಲ್ಲಿ ಅಮೆರಿಕದ ಕಾರ್ವರ್ ನೆನಪಾಗುತ್ತಾರೆ. ಗುಲಾಮಗಿರಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್, ಹತ್ತಿಯನ್ನೇ ಬೆಳೆದು ಬೆಳೆದು ಸೊರಗಿದ ನೆಲಕ್ಕೆ ಶೇಂಗಾ ಹಾಕಿ ಎಂದರು. ಬರೀ ಹೇಳಿ ಸುಮ್ಮನಾಗಲಿಲ್ಲ, 1916ರಲ್ಲಿ ಶೇಂಗಾದ 105 ಅಡುಗೆಗಳ ಪುಸ್ತಿಕೆ ಹೊರತಂದರು. ಮನೆಯಲ್ಲಿ ತಿನ್ನುವವರಿದ್ದರೆ ಹೊಲದಲ್ಲಿ ಬೆಳೆ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಮಗೆ 105 ಬೇಡ, ಒಂದು ಸಾಕು. ಕಾಲು ಕಿಲೋ ಶೇಂಗಾ ಆರಿಸಿಕೊಳ್ಳಿ. ಒಂದು ಸಣ್ಣ ಚಮಚ ಉಪ್ಪನ್ನು ಮೂರು ಚಮಚ ನೀರಿನಲ್ಲಿ ಕರಗಿಸಿ ಕಾಳಿಗೆ ಸವರಿ ಹತ್ತು ನಿಮಿಷ ಬಿಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ 12-15 ನಿಮಿಷ ಕೈ ಬಿಡದೆ ಆಡಿಸಿ. ಚಟಪಟ ಸದ್ದು ಬಂದು, ಒಂದು ಕಾಳು ಬಿಡಿಸಿದರೆ ಒಳಗೆ ಹೊಂಬಣ್ಣ ಕಂಡಾಗ ಒಲೆ ಆರಿಸಿ. ಆಮೇಲೆ ಅರ್ಧ ಚಮಚ ಎಣ್ಣೆ, ಖಾರಪುಡಿ, ಚಿಟಿಕೆ ಅರಿಷಿಣ, ಇಂಗು. ಉರಿಯ ಮೇಲೆಯೇ ಖಾರ ಹಾಕಿದರೆ ಸೀದು ಮನೆಯವರೆಲ್ಲ ಕೆಮ್ಮುತ್ತಾರೆ, ಜೋಕೆ! ಪೂರ್ತಿ ಆರಿದ ಮೇಲೆ ಡಬ್ಬಿಗೆ.

30 ಗ್ರಾಮಿನ ಒಂದು ಹಿಡಿಯಲ್ಲಿ ಸುಮಾರು 7-8 ಗ್ರಾಂ ಪ್ರೋಟೀನ್, 170 ಕ್ಯಾಲೊರಿ ಇರುತ್ತದೆ. ಹಾಗಾಗಿ ಒಂದು ಹಿಡಿ ಸಾಕು, ಡಬ್ಬಿ ಮುಂದಿಟ್ಟುಕೊಂಡು ಟಿವಿ ನೋಡಬೇಡಿ. ಮೇಲಿನ ಲೆಕ್ಕದಲ್ಲಿ ಒಂದು ಹಿಡಿಗೆ ಉಪ್ಪು ಒಂದು ಗ್ರಾಮಿಗಿಂತ ಕಡಿಮೆ, ಬೇಕಾದರೆ ಇನ್ನೂ ಕಡಿಮೆ ಮಾಡಬಹುದು. ಶೇಂಗಾ ಅಲರ್ಜಿ ಇರುವವರು ಮಾತ್ರ ದೂರ ಇರಬೇಕು.

‘ಆರಿಸಿಕೊಳ್ಳಿ’ ಅಂದೆನಲ್ಲ, ಅದಕ್ಕೂ ಒಂದು ಕತೆಯಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಪತ್ತೆಯಾದದ್ದೇ ಆ ಘಟನೆಯಿಂದ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸುಕ್ಕಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನು ತೆಗೆದುಬಿಡಿ. ತಿನ್ನುವಾಗ ಕಹಿ ಬಂದರೆ ಉಗುಳಿಬಿಡಿ. ಮರದ ಮೊರ ಹಿಡಿದು ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಅಜ್ಜಿಯರಿಗೆ ಅಫ್ಲಾಟಾಕ್ಸಿನ್ ಹೆಸರು ಗೊತ್ತಿರಲಿಲ್ಲ, ಕೆಟ್ಟ ಕಾಳು ಗೊತ್ತಿತ್ತು. ಪ್ಯಾಕೆಟ್ಟಿನಲ್ಲಿ ಮಸಾಲೆ ಮೆತ್ತಿಕೊಂಡು ಬಂದ ಕಾಳನ್ನು ಹೀಗೆ ನೋಡಿ ಆರಿಸುವುದು ಹೇಗೆ?

ಈ ಭಾನುವಾರ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಮ್ಮೆ ಹುರಿದು ನೋಡಿ. ಕಾಳು ಆರಿಸುವ ಕೆಲಸ ಅವರಿಗೇ ಕೊಡಿ. ಬಿಸಿ ಇರುವಾಗಲೇ ಕೈ ಹಾಕುತ್ತಾರೆ, ಬೈಯುವ ಸರದಿ ಈಗ ನಿಮ್ಮದು!