ಔಷಧಿಗೂ ಆಯುಸ್ಸುಂಟು: ಭಂಗಿಯ ಇತಿಹಾಸದಿಂದ ಒಂದು ಪಾಠ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು ಕುರಿತ 1162ರ ಶಾಸನವು ಆ ಮಠವನ್ನು ವಿದ್ಯಾಕೇಂದ್ರವೆಂದಷ್ಟೇ ಅಲ್ಲ, ದೀನ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಳವೆಂದೂ ವರ್ಣಿಸುತ್ತದೆ. ಯಾವ ಮೂಲಿಕೆಗಳನ್ನು ಬಳಸುತ್ತಿದ್ದರೆಂದು ಅದು ತಿಳಿಸುವುದಿಲ್ಲ. ಆದರೆ ಶಿಕಾರಿಪುರ, ಸೊರಬದ ಮಳೆಗಾಲ ಬಲ್ಲವರಿಗೆ ಒಂದು ಮಾತು ಹೊಳೆಯದಿರದು: ಈ ಥಂಡಿಯಲ್ಲಿ ಮೂಲಿಕೆಯನ್ನು ಬೂಷ್ಟು ಹಿಡಿಯದಂತೆ ಕಾಪಾಡುವುದು ಚಿಕಿತ್ಸೆಯಷ್ಟೇ ದೊಡ್ಡ ಕೆಲಸ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಭಂಗಿಯನ್ನೂ ಹೆಸರಿಸುವ ಶಾರ್ಙ್ಗಧರ ಸಂಹಿತೆಯ ಪ್ರಕಾರ ಮೂಲಿಕೆಯ ಗುಣ ಒಂದು ವರ್ಷಕ್ಕೆ ಕುಂದುತ್ತದೆ, ಅದರ ಚೂರ್ಣದ ಶಕ್ತಿ ಎರಡೇ ತಿಂಗಳಿಗೆ ಕುಗ್ಗುತ್ತದೆ. ಪುಡಿ ಮಾಡಿದಷ್ಟೂ ಗಾಳಿಯ ಸ್ಪರ್ಶ ಹೆಚ್ಚುತ್ತದೆಯಲ್ಲವೇ? ಯುನಾನಿ ಪರಂಪರೆಯ ಇಬ್ನ್ ಅಲ್ ಬೈತಾರ್ (ನಿಧನ 1248) ಈಜಿಪ್ಟಿನ ತೋಟಗಳಲ್ಲಿ ಕಂಡ 'ಕಿನ್ನಬ್ ಹಿಂದೀ'ಯನ್ನು, ಅಂದರೆ ಭಾರತದ ಭಂಗಿಯನ್ನು, ಅದರ ಅಮಲಿನ ಎಚ್ಚರಿಕೆಯೊಡನೆಯೇ ದಾಖಲಿಸಿದ್ದಾರೆ.

1839ರಲ್ಲಿ ಕಲ್ಕತ್ತೆಯ ವೈದ್ಯ ಓಶಾಗ್ನೆಸಿ ಧನುರ್ವಾಯು ಮುಂತಾದ ರೋಗಗಳಲ್ಲಿ ಇದರ ಪ್ರಯೋಗವನ್ನು ಪ್ರಕಟಿಸಿದರು. ಔಷಧಿ ಇಂಗ್ಲೆಂಡಿಗೂ ಹೋಯಿತು. ಆದರೆ ಒಂದು ಸೀಸೆ ಪ್ರಬಲ, ಮತ್ತೊಂದು ನಿಸ್ಸಾರ. ಪ್ರಮಾಣ ನಿರ್ಧರಿಸುವುದೇ ವೈದ್ಯರಿಗೆ ಕಷ್ಟವಾಯಿತು. 1932ರಲ್ಲಿ ಬ್ರಿಟಿಷ್ ಫಾರ್ಮಾಕೋಪಿಯಾದಿಂದ ಅದು ಹೊರಬೀಳಲು ಈ ಅನಿಶ್ಚಿತತೆಯೂ ಒಂದು ಕಾರಣ.

ಗುಟ್ಟು ತಿಳಿದದ್ದು ತಡವಾಗಿ. 1896ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಚರಸ್‌ನಿಂದ ಕ್ಯಾನಬಿನಾಲ್ ಬೇರ್ಪಡಿಸಿದರು. ಭಂಗಿಯ ಮುಖ್ಯ ಸಾರವಾದ ಟಿಎಚ್‌ಸಿ ಪತ್ತೆಯಾದದ್ದು 1964ರಲ್ಲಿ. ಗಾಳಿಯಲ್ಲಿನ ಆಮ್ಲಜನಕದಿಂದ ಟಿಎಚ್‌ಸಿ ಕೆಟ್ಟು ಕ್ಯಾನಬಿನಾಲ್ ಆಗುತ್ತದೆಂದು ಮುಂದೆ ಸ್ಪಷ್ಟವಾಯಿತು. 1976ರ ಲಂಡನ್ ಅಧ್ಯಯನವೊಂದು ಬೆಳಕೇ ಇದರ ಅತಿ ದೊಡ್ಡ ಶತ್ರುವೆಂದು ತೋರಿಸಿತು. ಚೆನ್ನಾಗಿ ಸಿದ್ಧಪಡಿಸಿ ಕತ್ತಲಲ್ಲಿಟ್ಟ ಮಾದರಿಗಳು ಸಾಧಾರಣ ಉಷ್ಣತೆಯಲ್ಲೂ ಒಂದೆರಡು ವರ್ಷ ಬಾಳಿದವು.

1985ರ ಮಾದಕವಸ್ತು ಕಾಯಿದೆಯಂತೆ ಗಾಂಜಾ, ಚರಸ್ ಅನಧಿಕೃತವಾಗಿ ಇಟ್ಟುಕೊಳ್ಳುವುದು ಅಪರಾಧ. ಆಯುರ್ವೇದ, ಯುನಾನಿ ಔಷಧಿಗಳಲ್ಲಿ ಬಳಸುವ ಭಂಗಿಯೂ ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಅಂಥ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಪೊಟ್ಟಣದ ಮೇಲಿರಬೇಕು.

ಆದ್ದರಿಂದ ವಿದ್ಯಾರ್ಥಿಮಿತ್ರರೇ, ಮನೆಯ ಹಿರಿಯರಿಗೆ ಹಕೀಮರೋ ವೈದ್ಯರೋ ಇಂಥ ಔಷಧಿ ಬರೆದುಕೊಟ್ಟಿದ್ದರೆ ಅದನ್ನು ಮೂಲ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ಬೆಳಕು, ಬಿಸಿ, ತೇವದಿಂದ ದೂರವಿರಿಸಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ. ಮುಗಿಯುವ ದಿನಾಂಕವನ್ನು ಅವರಿಗೆ ಓದಿ ಹೇಳಿ. ಹಳತಾದ ಔಷಧಿ ಕೆಲಸ ಮಾಡಲಿಲ್ಲವೆಂದು ಪ್ರಮಾಣ ಹೆಚ್ಚಿಸಿಕೊಳ್ಳುವುದು ಅಪಾಯ. ಹೊಸ ಡಬ್ಬಿಯಿಂದಲೂ ಅದೇ ಪ್ರಮಾಣ ಮುಂದುವರಿದರೆ ಅಮಲೇರಿ ವಯಸ್ಸಾದವರು ಬಿದ್ದಾರು. ಓದು ಬಲ್ಲ ಮಕ್ಕಳು ಮನೆಗೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದು.