ಪಾಠ ಬರೆದ ಮೇಷ್ಟ್ರು ಪರೀಕ್ಷೆಗೆ ಕೂತಾಗ

ಅಮೆರಿಕದ ಅಧ್ಯಕ್ಷರಾದವರಲ್ಲಿ ಪಿಎಚ್.ಡಿ. ಮಾಡಿದ್ದವನು ಒಬ್ಬನೇ, ವುಡ್ರೋ ವಿಲ್ಸನ್. ಓದಿದ್ದು ರಾಜ್ಯಶಾಸ್ತ್ರ, ಕಲಿಸಿದ್ದೂ ಅದನ್ನೇ. ಸದನದಲ್ಲಿ ಗಲಾಟೆ, ಕಲಾಪ ಮುಂದೂಡಿಕೆ ಅಂತ ಸುದ್ದಿ ನೋಡಿ ನಾವು ಗೊಣಗುವಾಗೆಲ್ಲ ನನಗೆ ಈತ ನೆನಪಾಗುತ್ತಾನೆ. ಶಾಸನಸಭೆಯ ರೋಗ ಏನು ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ಬರೆದವನ ಕೈಗೇ ಚಿಕಿತ್ಸೆಯ ಅಧಿಕಾರ ಬಂದದ್ದು ಅಪರೂಪ.

1879ರಲ್ಲಿ ವಿಲ್ಸನ್‌ಗೆ 22 ವರ್ಷ. ಪ್ರಿನ್ಸ್‌ಟನ್ನಿನಲ್ಲಿ ಆಗಷ್ಟೇ ಪದವಿ ಮುಗಿಸಿದ್ದ. 'ಇಂಟರ್‌ನ್ಯಾಷನಲ್ ರಿವ್ಯೂ' ಪತ್ರಿಕೆಯಲ್ಲಿ ಅವನ ಲೇಖನವೊಂದು ಬಂತು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ನಿಜವಾದ ಚರ್ಚೆಯೇ ನಡೆಯೋದಿಲ್ಲ, ಎಲ್ಲ ತೀರ್ಮಾನವೂ ಸಮಿತಿ ಕೋಣೆಗಳೊಳಗೇ ಆಗಿಹೋಗುತ್ತೆ, ಬ್ರಿಟನ್ನಿನ ಹಾಗೆ ಮಂತ್ರಿಗಳು ಸದನದಲ್ಲೇ ಕೂತು ಎಲ್ಲರೆದುರು ಉತ್ತರ ಕೊಡಬೇಕು ಅನ್ನೋದು ಅವನ ವಾದ. ಆ ಲೇಖನವನ್ನು ಪ್ರಕಟಿಸಿದ ಸಂಪಾದಕ ಹೆನ್ರಿ ಕ್ಯಾಬಟ್ ಲಾಜ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಇದೇ ವಿಚಾರವನ್ನು ಬೆಳೆಸಿ 1885ರಲ್ಲಿ 'ಕಾಂಗ್ರೆಷನಲ್ ಗವರ್ನಮೆಂಟ್' ಎಂಬ ಪುಸ್ತಕ ತಂದ. ಕೆಳಮನೆಯಲ್ಲಿ ಆಗ ನಲವತ್ತಕ್ಕೂ ಹೆಚ್ಚು ಸ್ಥಾಯಿ ಸಮಿತಿಗಳಿದ್ದವು. ಒಂದೊಂದೂ ಒಂದೊಂದು ಪಾಳೆಯಪಟ್ಟು. ಕಾನೂನು ಯಾರಿಂದ ಕೆಟ್ಟಿತು ಅಂತ ಮತದಾರ ಕೇಳಿದರೆ ತೋರಿಸೋದಕ್ಕೆ ಒಂದು ಮುಖವೂ ಇರಲಿಲ್ಲ. ದೊಡ್ಡ ಕಂಪನಿಗಳಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದಿನೈದು ಜನ ಸಿಸಿಯಲ್ಲಿರುವ ಮೇಲ್‌ಗೆ ಯಾರೂ ಉತ್ತರ ಕೊಡೋಲ್ಲವಲ್ಲ, ಅದೇ ಕಥೆ. ಅಧಿಕಾರವನ್ನು ಹಂಚಿ ಹಂಚಿ ತೆಳ್ಳಗೆ ಮಾಡಿದಷ್ಟೂ ಹೊಣೆ ಮಾಯವಾಗುತ್ತೆ ಅನ್ನೋದು ಪುಸ್ತಕದ ತಿರುಳು.

1913ರಲ್ಲಿ ಮೇಷ್ಟ್ರೇ ಅಧ್ಯಕ್ಷನಾದ. ಅದುವರೆಗೆ ನೂರು ವರ್ಷಕ್ಕೂ ಮೇಲೆ ಅಧ್ಯಕ್ಷರು ತಮ್ಮ ಸಂದೇಶವನ್ನು ಬರೆದು ಕಳಿಸುತ್ತಿದ್ದರೇ ಹೊರತು ಕಾಂಗ್ರೆಸ್ಸಿಗೆ ಕಾಲಿಟ್ಟು ಭಾಷಣ ಮಾಡುತ್ತಿರಲಿಲ್ಲ. ವಿಲ್ಸನ್ ಏಪ್ರಿಲ್ 8ರಂದು ಖುದ್ದಾಗಿ ಹೋಗಿ ಆಮದು ಸುಂಕದ ಬಗ್ಗೆ ಮಾತಾಡಿದ. ಸುಂಕ ಇಳಿಯಿತು. ಅದೇ ವರ್ಷದ ಕೊನೆಗೆ ಫೆಡರಲ್ ರಿಸರ್ವ್ ಬ್ಯಾಂಕಿನ ಕಾಯಿದೆಯೂ ಬಂತು. ಪುಸ್ತಕದ ಮದ್ದು ಕೆಲಸ ಮಾಡಿತು ಅನ್ನಿಸುವ ಹಾಗಿತ್ತು.

ಸೆನೆಟ್‌ನಲ್ಲಿ ಮಾತ್ರ ಬೇರೆಯದೇ ರೋಗ ಇತ್ತು. ಅಲ್ಲಿ ಸದಸ್ಯರ ಮಾತನ್ನು ನಿಲ್ಲಿಸುವ ನಿಯಮವೇ ಇರಲಿಲ್ಲ. ಮಸೂದೆ ಇಷ್ಟವಿಲ್ಲವೇ? ಅವಧಿ ಮುಗಿಯೋ ತನಕ ಮಾತಾಡುತ್ತಾ ಇರಿ, ಮತಕ್ಕೆ ಹಾಕೋದಕ್ಕೇ ಆಗೋದಿಲ್ಲ. ಇದಕ್ಕೆ ಫಿಲಿಬಸ್ಟರ್ ಅಂತ ಹೆಸರು. 1917ರ ಮಾರ್ಚಿನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಭಯಕ್ಕೆ ವ್ಯಾಪಾರಿ ಹಡಗುಗಳಿಗೆ ಶಸ್ತ್ರ ಕೊಡುವ ಮಸೂದೆಯನ್ನು ಹತ್ತು ಹನ್ನೆರಡು ಸೆನೆಟರುಗಳು ಹೀಗೇ ಮುಳುಗಿಸಿದರು. ಸಿಟ್ಟಾದ ವಿಲ್ಸನ್ ದೇಶದ ಮುಂದೆ ದೂರಿದ. ಕೆಲವೇ ದಿನಗಳಲ್ಲಿ ಸೆನೆಟ್ 76-3 ಮತಗಳಿಂದ ಹೊಸ ನಿಯಮ ತಂದಿತು: ಮೂರನೇ ಎರಡರಷ್ಟು ಜನ ಒಪ್ಪಿದರೆ ಚರ್ಚೆಗೆ ತೆರೆ.

ಆ ನಿಯಮ ಮೊದಲು ಬಳಕೆಯಾದದ್ದು 1919ರ ನವೆಂಬರ್ 15ರಂದು, ವಿಲ್ಸನ್‌ನ ಕನಸಾದ ಲೀಗ್ ಆಫ್ ನೇಷನ್ಸ್ ಅಡಗಿದ್ದ ವರ್ಸೈ ಒಪ್ಪಂದದ ಮೇಲೆ. ಚರ್ಚೆ ನಿಂತಿತು, ನಾಲ್ಕು ದಿನಕ್ಕೆ ಒಪ್ಪಂದವೂ ಬಿತ್ತು. ಎದುರು ನಿಂತಿದ್ದವನು ವಿದೇಶಾಂಗ ಸಮಿತಿಯ ಅಧ್ಯಕ್ಷ, ಅದೇ ಹೆನ್ರಿ ಕ್ಯಾಬಟ್ ಲಾಜ್. ಅವನು ಕೆಲವು ಷರತ್ತು ಸೇರಿಸಿದ್ದ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ವಿಲ್ಸನ್ ಷರತ್ತಿನ ಒಪ್ಪಂದ ಬೇಡ ಅಂತ ತನ್ನ ಪಕ್ಷದವರಿಗೆ ಹೇಳಿಕಳಿಸಿದ. 1920ರ ಮಾರ್ಚಿನಲ್ಲಿ ಮತ್ತೆ ಮತ ಬಿದ್ದಾಗ ಷರತ್ತುಗಳ ಒಪ್ಪಂದಕ್ಕೆ 49-35 ಬಹುಮತವೇನೋ ಸಿಕ್ಕಿತು. ಮೂರನೇ ಎರಡಕ್ಕೆ ಇನ್ನೂ 7 ಮತ ಸಾಲದಾಯಿತು. ಎದುರಾಳಿಯ ಜೊತೆ ಚೌಕಾಸಿ ಮಾಡೋದೂ ಸದನದ ಕೆಲಸವೇ. ಆ ಪಾಠ ಅವನ ಪುಸ್ತಕದಲ್ಲಿದ್ದರೂ ಅವನ ಸ್ವಭಾವದಲ್ಲಿ ಇರಲಿಲ್ಲ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ಇಲ್ಲಿಗೇ ಮುಗಿಸಬಹುದಿತ್ತು. ನನ್ನನ್ನು ಹೆಚ್ಚು ಕಾಡೋದು ಬೇರೆ. ಹೊಣೆಗಾರಿಕೆ ಬಗ್ಗೆ ಇಷ್ಟೆಲ್ಲ ಬರೆದವನ ಸರ್ಕಾರವೇ ಫೆಡರಲ್ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸಿತು. ಯುದ್ಧದ ಅವಸರಕ್ಕೆ ಹುಟ್ಟಿದ ಆ ನಿಯಮ ಕಪ್ಪು ಜನರ ಪಾಲಿಗೆ ದಶಕಗಳ ಕಾಲ ಉಪಯೋಗಕ್ಕೇ ಬರಲಿಲ್ಲ. ಗುಂಪುಹತ್ಯೆ ತಡೆಯುವ ಮಸೂದೆಯನ್ನು 1922ರಲ್ಲಿ ಕೆಳಮನೆ ಒಪ್ಪಿತು, ಸೆನೆಟ್‌ನ ಫಿಲಿಬಸ್ಟರ್ ಕೊಂದಿತು. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲೆ ಚರ್ಚೆ ನಿಲ್ಲಿಸಲು ಬೇಕಾದ ಮತ ಮೊದಲು ಸಿಕ್ಕಿದ್ದು 1964ರಲ್ಲಿ. ಗುಂಪುಹತ್ಯೆ ವಿರೋಧಿ ಕಾಯಿದೆ ಬಂದದ್ದು 2022ರಲ್ಲಿ. ಸರಿಯಾಗಿ ನೂರು ವರ್ಷ!

ಹಾಗಂತ ವಿಲ್ಸನ್‌ನ ಪುಸ್ತಕವನ್ನು ಮೂಲೆಗೆ ಎಸೀರಿ ಅಂತ ನಾನು ಹೇಳೋದಿಲ್ಲ. ತೀರ್ಮಾನ ಬೆಳಕಲ್ಲಿ ಆಗಬೇಕು, ಅದಕ್ಕೊಬ್ಬ ಹೆಸರು ಕೊಟ್ಟು ಹೊಣೆ ಹೊರಬೇಕು ಅನ್ನೋ ಮಾತು ಇವತ್ತಿಗೂ ನಿಜ. ಸುಧಾರಣೆ ಅಂತ ಯಾರಾದರೂ ಹೊಸ ನಿಯಮ ಹಿಡಿದು ಬಂದಾಗ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಬೇಕು, ಅಷ್ಟೇ: ಇದರಿಂದ ಯಾರ ಮಸೂದೆ ಬೇಗ ದಾಟುತ್ತೆ, ಯಾರದ್ದು ಇನ್ನೂ ನೂರು ವರ್ಷ ಕಾಯುತ್ತೆ?