ಬೆಂಚಿನಿಂದ ಅಂಗಳಕ್ಕೆ: ಅಮೆರಿಕದ ಕಾಲೇಜು ಆಟಗಾರರ ವಲಸೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡವೊಂದರಲ್ಲಿ ಬಹುಕಾಲದವರೆಗೆ 85 ಮಂದಿಗೆ ವಿದ್ಯಾರ್ಥಿವೇತನ ಸಲ್ಲುತ್ತಿದ್ದಿತು. ಆದರೆ ಒಮ್ಮೆಗೆ ಅಂಗಳಕ್ಕಿಳಿಯುವವರು 11 ಮಂದಿ, ಅವರಲ್ಲಿಯೂ ಚೆಂಡನ್ನೆಸೆದು ಆಟವನ್ನು ನಡೆಯಿಸುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ತನ್ನ ಊರಿನ ಶಾಲೆಯಲ್ಲಿ ಅಗ್ರಗಣ್ಯನೆನಿಸಿದ್ದ ಹುಡುಗನು ಇಲ್ಲಿಗೆ ಬಂದು, ತನ್ನಷ್ಟೇ ಸಮರ್ಥನಾದ ಇನ್ನೊಬ್ಬನು ಆಡುವುದನ್ನು ಬೆಂಚಿನ ಮೇಲಿಂದ ನೋಡುತ್ತ ಕುಳಿತಿರಬೇಕಾದಾಗ, ಬೇರೊಂದು ಕಾಲೇಜಿಗೆ ಹೋಗಿಬಿಡಲೇ ಎಂದು ಚಿಂತಿಸುವುದನ್ನು ಚಾಪಲ್ಯವೆನ್ನಲಾಗದು. ಅವನಿಗೆ ದೊರೆಯುವ ಋತುಗಳೇ ನಾಲ್ಕು. ಕಾಯುತ್ತ ಕಳೆದುದು ಮರಳಿ ಬಾರದು. ಈ ಸಹಜವಾದ ಹಂಬಲವನ್ನು ಮೊದಲು ಅಪರಾಧವೆಂದೂ, ಅನಂತರ ಅನುಗ್ರಹದಿಂದ ಮನ್ನಿಸತಕ್ಕದ್ದೆಂದೂ, ಕಟ್ಟಕಡೆಗೆ ಹಕ್ಕೆಂದೂ ಅಲ್ಲಿನ ಕ್ರೀಡಾವ್ಯವಸ್ಥೆ ಪರಿಗಣಿಸುತ್ತ ಬಂದಿದೆ.

ಅಪರಾಧವೆಂಬ ಭಾವನೆಗೆ ಕಾರಣವಿಲ್ಲದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟಗಾರರು ಇಂದು ಒಂದು ಕಾಲೇಜು, ನಾಳೆ ಇನ್ನೊಂದು ಎಂದು ಅಲೆಯುತ್ತಿದ್ದರು. 1896ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಫೀಲ್ಡಿಂಗ್ ಯೋಸ್ಟ್, ಋತುವಿನ ನಡುವೆಯೇ ಲಾಫಯೆಟ್ ಕಾಲೇಜಿನ ತಂಡವನ್ನು ಸೇರಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಖಂಡ ವಿಜಯಪರಂಪರೆಯನ್ನು ಮುರಿದ ಪಂದ್ಯದಲ್ಲಿ ಆಡಿ, ಬಳಿಕ ತನ್ನ ಹಳೆಯ ತರಗತಿಗೆ ಹಿಂದಿರುಗಿದನು. 1906ರಲ್ಲಿ ಜನ್ಮತಾಳಿ ಮುಂದೆ ಎನ್‌ಸಿಎಎ ಎಂದು ಹೆಸರಾದ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯು ಇಂತಹ ಅಲೆದಾಟಕ್ಕೆ ತಡೆಯೊಡ್ಡಬಯಸಿದುದು ಯುಕ್ತವೇ ಆಗಿದ್ದಿತು. ಕಾಲೇಜು ಬದಲಿಸಿದವನು ಹೊಸ ಸ್ಥಳದಲ್ಲಿ ಒಂದು ವರ್ಷ ಪಂದ್ಯವಾಡದೆ ಕೇವಲ ಓದುತ್ತಿರಬೇಕೆಂಬ ನಿಯಮ ಈ ಅಲೆದಾಟದ ಭಯದಿಂದ ಬೆಳೆದುದು.

ಆದರೆ ನಿಯಮದ ಹಿಂದಿನ ನ್ಯಾಯವು ಕಾಲಕ್ರಮದಲ್ಲಿ ಸವೆದುಹೋಯಿತು. 1973ರಲ್ಲಿ ನಾಲ್ಕು ವರ್ಷಗಳ ವಿದ್ಯಾರ್ಥಿವೇತನಕ್ಕೆ ಬದಲಾಗಿ ವರ್ಷವರ್ಷಕ್ಕೂ ನವೀಕರಿಸುವ ವೇತನ ಬಂದಿತು. ಕಾಲೇಜಿಗೆ ಆಟಗಾರನನ್ನು ಕೈಬಿಡುವ ಸ್ವಾತಂತ್ರ್ಯವಿದ್ದಿತು, ಆಟಗಾರನಿಗೆ ಕಾಲೇಜನ್ನು ಬಿಡುವ ಸ್ವಾತಂತ್ರ್ಯವಿರಲಿಲ್ಲ. ಕೋಚ್ ಹೆಚ್ಚಿನ ಸಂಬಳಕ್ಕಾಗಿ ಇಂದು ರಾಜೀನಾಮೆಯಿತ್ತು ನಾಳೆಯೇ ಬೇರೆ ತಂಡವನ್ನು ನಡೆಯಿಸಬಹುದಾಗಿದ್ದಾಗ, ಅವನನ್ನು ನಂಬಿ ಬಂದ ವಿದ್ಯಾರ್ಥಿಯು ಹೊರಡಲು ಅನುಮತಿ ಬೇಡಬೇಕಾಗಿದ್ದಿತು. ಅನೇಕ ಆಟಗಳಲ್ಲಿ ಒಮ್ಮೆ ಮಾತ್ರ ವಿನಾಯಿತಿ ದೊರೆಯುತ್ತಿದ್ದರೂ, ಅಪಾರ ಹಣವನ್ನು ತರುವ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗಳಲ್ಲಿಯೇ ಅದನ್ನು ನಿರಾಕರಿಸಿದ್ದುದನ್ನು ಅನ್ಯಾಯವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ.

ಬಾಗಿಲು ಮೊದಲು ತೆರೆದುದು ಪದವಿ ಮುಗಿಸಿದವರಿಗೆ. ಒಹಾಯೊ ಸ್ಟೇಟ್‌ನಲ್ಲಿ ಮೂರು ವರ್ಷ ಮೀಸಲು ಆಟಗಾರನಾಗಿಯೇ ಉಳಿದ ಜೋ ಬರ‍್ರೋ, ಪದವಿ ಪಡೆದು 2018ರಲ್ಲಿ ಲೂಯಿಸಿಯಾನಾ ಸ್ಟೇಟ್‌ಗೆ ಹೋದನು. ಮರುವರ್ಷ ಆ ತಂಡವು 15 ಪಂದ್ಯಗಳನ್ನೂ ಗೆದ್ದಿತು, ಅವನು 60 ಟಚ್‌ಡೌನ್ ಎಸೆತಗಳನ್ನೆಸೆದು ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯನ್ನು ಪಡೆದನು. ಬೆಂಚಿನ ಮೇಲೆ ಎಂತಹ ಸಾಮರ್ಥ್ಯ ಹುದುಗಿರಬಹುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ? 2018ರ ಅಕ್ಟೋಬರಿನಲ್ಲಿಯೇ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ವ್ಯವಸ್ಥೆ ಬಂದು, ಅನುಮತಿಯನ್ನು ಬೇಡುವ ಕಾಲ ಮುಗಿದು, ಹೆಸರನ್ನು ದಾಖಲಿಸಿದರೆ ಸಾಕೆಂದಾಯಿತು. 2021ರಲ್ಲಿ ಎಲ್ಲ ಆಟಗಳವರಿಗೂ ಒಮ್ಮೆ ತಡೆಯಿಲ್ಲದ ವರ್ಗಾವಣೆ ದೊರೆಯಿತು. 2023ರ ಡಿಸೆಂಬರಿನಲ್ಲಿ, ಯೋಸ್ಟ್ ಓದಿದ ಅದೇ ಪಶ್ಚಿಮ ವರ್ಜೀನಿಯಾದ ಫೆಡರಲ್ ನ್ಯಾಯಾಲಯವೊಂದು ಉಳಿದ ನಿರ್ಬಂಧವನ್ನೂ ತಡೆಹಿಡಿಯಲು, 2024ರಲ್ಲಿ, ಓದಿನಲ್ಲಿ ಅರ್ಹನಾದವನು ಎಷ್ಟು ಬಾರಿಯಾದರೂ ಹೋಗಬಹುದೆಂಬ ನಿಯಮ ಬಂದಿತು.

ಹಕ್ಕು ಬಂದುದು ಒಳ್ಳೆಯದೇ. ನನಗೆ ಚಿಂತೆಯಿರುವುದು ಓದಿನ ವಿಷಯದಲ್ಲಿ. ಆಟಗಾರನು ಎರಡನೆಯ ವರ್ಷದ ಕೊನೆಗೆ ಪದವಿಯ ನೂರಕ್ಕೆ 40, ಮೂರನೆಯದರ ಕೊನೆಗೆ 60, ನಾಲ್ಕನೆಯದರ ಕೊನೆಗೆ 80 ಭಾಗವನ್ನು ಮುಗಿಸಿರಬೇಕೆಂಬ ವಿಧಿಯಿದೆ. ಆದರೆ ಒಂದು ವಿಶ್ವವಿದ್ಯಾಲಯದಲ್ಲಿ ಗಳಿಸಿದುದೆಲ್ಲವನ್ನೂ ಇನ್ನೊಂದು ಒಪ್ಪಿಕೊಳ್ಳಬೇಕೆಂದಿಲ್ಲ. ಪೋರ್ಟಲ್‌ನಲ್ಲಿ ಹೆಸರಿತ್ತ ಎಷ್ಟೋ ಮಂದಿಗೆ ಹೊಸ ತಂಡವೂ ದೊರೆಯುವುದಿಲ್ಲ. ಆಟಗಾರನನ್ನು ಕರೆದುಕೊಳ್ಳುವ ವಿಶ್ವವಿದ್ಯಾಲಯವು ಅವನ ಪಾಠಗಳನ್ನೂ ಕರೆದುಕೊಳ್ಳುವಂತೆ ನಿಯಮಕರ್ತರು ವಿಧಿಸಲೇಬೇಕು.

ಈ ವಿಚಾರದಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವವನು ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್. 2018ರ ಜನವರಿ 8ರಂದು, ಅಟ್ಲಾಂಟಾದಲ್ಲಿ ಜಾರ್ಜಿಯಾದ ವಿರುದ್ಧ ರಾಷ್ಟ್ರೀಯ ಅಂತಿಮ ಪಂದ್ಯದ ಅರ್ಧಭಾಗ ಮುಗಿದು ತಂಡ 13–0 ಹಿಂದಿದ್ದಾಗ, ಕೋಚ್ ಅವನನ್ನು ಬೆಂಚಿಗೆ ಕಳುಹಿಸಿದರು. ಬದಲಿಗೆ ಬಂದ ಟುವಾ ಟಾಗೊವೈಲೋವಾ ಪಂದ್ಯವನ್ನು ಗೆದ್ದುಕೊಟ್ಟನು. ಹರ್ಟ್ಸ್ ಹೋಗಲಿಲ್ಲ. ಡಿಸೆಂಬರಿನಲ್ಲಿ ಅದೇ ಕ್ರೀಡಾಂಗಣ, ಅದೇ ಜಾರ್ಜಿಯಾ. ಟುವಾ ಗಾಯಗೊಂಡು ಹೊರನಡೆಯಲು, ಹಿಂದಿದ್ದ ತಂಡವನ್ನು ಹರ್ಟ್ಸ್ ಅಂಗಳಕ್ಕಿಳಿದು 35–28ರಿಂದ ಗೆಲ್ಲಿಸಿದನು. 2019ರ ಜನವರಿಯಲ್ಲಿ ಅವನು ಓಕ್ಲಹೋಮಾಕ್ಕೆ ಹೊರಟಾಗ, ಅಲಬಾಮಾದ ಪದವಿಯು ಅದಾಗಲೇ ಅವನ ಕೈಸೇರಿದ್ದಿತು.